ಇಕಾಲಜಿ ಲ್ಯಾಬ್‌ಗೆ ಇಮೇಲ್ ಬರೆಯುವ ಮುನ್ನ ಅವರ ಡೇಟಾ ಇಳಿಸಿಕೊಳ್ಳಿ
ಪಿಎಚ್‌ಡಿಗೋ ಪೋಸ್ಟ್‌ಡಾಕ್‌ಗೋ ಇಕಾಲಜಿ ಲ್ಯಾಬ್ ಸೇರಲು ಪ್ರೊಫೆಸರ್‌ಗೆ ಬರೆಯುವ ಮೊದಲು, ಆ ಲ್ಯಾಬ್‌ನ ಇತ್ತೀಚಿನ ಒಂದು ಪೇಪರಿನ ಡೇಟಾ ಮತ್ತು ಆರ್ (R, ಅಂಕಿಅಂಶ ವಿಶ್ಲೇಷಣೆಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕೋಡ್ ಇಳಿಸಿಕೊಂಡು ಅದರ ಒಂದು ಗ್ರಾಫನ್ನು ನೀವೇ ಮತ್ತೆ ಮಾಡಿ. ಸಂಶೋಧಕರು ಡೇಟಾ ಹಂಚಿಕೊಳ್ಳುವ ತಾಣಗಳಾದ ಡ್ರೈಯಾಡ್ ಅಥವಾ ಝೆನೋಡೋದ ಲಿಂಕ್ ಸಾಮಾನ್ಯವಾಗಿ ಪೇಪರಿನ ಕೊನೆಯಲ್ಲಿರುತ್ತದೆ. ಕೋಡ್ ತೆರೆಯುವ ಮುಂಚೆ ಜೊತೆಗಿರುವ ರೀಡ್‌ಮಿ (ವಿವರಣೆಯ ಫೈಲ್) ಓದಿ, ಕಾಲಂ ಹೆಸರುಗಳ ಅರ್ಥ ಇರುವುದು ಅಲ್ಲಿಯೇ. ಇಮೇಲ್‌ನಲ್ಲಿ ಇದಕ್ಕೆ 2–3 ಸಾಲು ಸಾಕು: ಯಾವ ಗ್ರಾಫ್ ಮಾಡಿದಿರಿ, ಯಾವ ಪ್ರಶ್ನೆ ಎದ್ದಿತು. ಉದಾಹರಣೆಗೆ, ಮಾಡೆಲ್‌ನಲ್ಲಿ ಪ್ಲಾಟನ್ನು (ಫೀಲ್ಡ್‌ನಲ್ಲಿ ಅಳತೆ ಮಾಡಿದ ಜಾಗ) ರ‍್ಯಾಂಡಮ್ ಎಫೆಕ್ಟ್ (ಗುಂಪಿನಿಂದ ಗುಂಪಿಗಿರುವ ವ್ಯತ್ಯಾಸವನ್ನು ಲೆಕ್ಕಕ್ಕೆ ತರುವ ಅಂಶ) ಆಗಿ ಇಟ್ಟವರು ವರ್ಷವನ್ನು ಯಾಕೆ ಇಡಲಿಲ್ಲ? "ನನಗೆ ಪರಿಸರದಲ್ಲಿ ಅಪಾರ ಆಸಕ್ತಿ" ಎಂದು ಎಲ್ಲರೂ ಬರೆಯುತ್ತಾರೆ. ಫೀಲ್ಡ್ ಡೇಟಾ ಜೊತೆ ಕೆಲಸ ಮಾಡಬಲ್ಲಿರಿ ಎನ್ನುವುದಕ್ಕೆ ನೀವೇ ಮಾಡಿದ ಗ್ರಾಫ್ ನೇರ ಸಾಕ್ಷಿ. ಆ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದೂ ಸೇರುವ ಮೊದಲೇ ತಿಳಿಯುತ್ತದೆ, ನನ್ನ ಪ್ರಕಾರ ಅದೇ ದೊಡ್ಡ ಲಾಭ. ಅಂಕಿ ತಾಳೆಯಾಗದಿದ್ದರೆ ಅವರ ತಪ್ಪೆಂದು ಬರೆಯಬೇಡಿ. ಆರ್ ಪ್ಯಾಕೇಜಿನ ಆವೃತ್ತಿ ಬದಲಾಗಿದ್ದರೂ ಹಾಗಾಗುತ್ತದೆ. ಅಳಿವಿನಂಚಿನ ಜೀವಿಗಳ ನಿಖರ ಸ್ಥಳಗಳನ್ನು ಹಲವರು ಬೇಕೆಂದೇ ಮರೆಮಾಡಿರುತ್ತಾರೆ, ಹಾಗಾಗಿ ನಕ್ಷೆಗಳನ್ನು ಆರಿಸಿಕೊಳ್ಳಬೇಡಿ. ಲ್ಯಾಬ್‌ನಲ್ಲಿ ಫಂಡಿಂಗ್ ಇಲ್ಲದಿದ್ದರೆ ಮಾತ್ರ ಈ ಉಪಾಯ ನಡೆಯದು. ಅದನ್ನು ಇಮೇಲ್‌ನಲ್ಲೇ ನೇರವಾಗಿ ಕೇಳಿ.