ಗಿಡ ಹತ್ತುವುದೇ ಕಸುಬಾದರೆ ಮೊದಲು ಏನು ಕೊಳ್ಳಬೇಕು?

ನಮ್ಮ ಗಂಗಾವತಿ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ತೆಂಗಿನ ಗಿಡ, ಹುಣಸಿ ಗಿಡ, ಬೇವಿನ ಗಿಡ. ತುಂಗಭದ್ರಾ ಕಾಲುವೆಯ ನೀರು ಹರಿದಲ್ಲೆಲ್ಲ ಗದ್ದೆಯ ಬದುವಿನ ಮೇಲೆ ತೆಂಗು ಎದ್ದಿದೆ. ಕಾರಟಗಿ, ಸಿಂಧನೂರು, ಸಿರುಗುಪ್ಪ, ಎಲ್ಲಿ ಹೋದರೂ ಕಾಣುತ್ತದೆ. ಗಿಡ ಇದೆ, ಕಾಯಿ ಇದೆ, ಇಳಿಸುವ ಆಳು ಇಲ್ಲ. ಹಾಗಾಗಿ ಹತ್ತಲು ಬಲ್ಲವರಿಗೆ ಕೆಲಸಕ್ಕೆ ಬರವಿಲ್ಲ.

ಈ ಕಸುಬಿಗೆ ಬರಬೇಕೆನ್ನುವ ಹುಡುಗರು ನನ್ನ ಹತ್ತಿರ ಬಂದು ಕೇಳುವ ಮೊದಲ ಮಾತು ಒಂದೇ: “ಅಣ್ಣಾ, ಯಾವ ಮಷೀನ್ ತಗೊಳ್ಳಲಿ?” ನಾನು ಹೇಳುವುದೂ ಒಂದೇ. ಮಷೀನು ಆಮೇಲೆ. ಮೊದಲು ಮೈಗೆ ಕಟ್ಟಿಕೊಳ್ಳುವುದನ್ನು ಕೊಳ್ಳು.

ಇದನ್ನು ನಾನು ಕಲಿತದ್ದು ಬಿದ್ದ ಮೇಲೆ. ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಕಾಲಿಗೆ ಹಾಕುವ ಹಗ್ಗದ ಬಳೆ ಮತ್ತು ಸೊಂಟಕ್ಕೆ ಸುತ್ತಿಕೊಳ್ಳುವ ನೈಲಾನ್ ಹಗ್ಗ. ಲಾರಿಗೆ ತಾಡಪತ್ರಿ ಬಿಗಿಯುತ್ತಾರಲ್ಲ, ಅದೇ ಹಗ್ಗ. ಎರಡು ಬೇಸಿಗೆ ಬಿಸಿಲಲ್ಲೇ ಬಿದ್ದಿತ್ತು. ಒಂದು ದಿನ ಹುಣಸಿ ಗಿಡದಲ್ಲಿ ಹಿಂದಕ್ಕೆ ಒರಗಿದೆ, ಪಟ್ ಅಂತ ಹರಿಯಿತು. ಏಳೆಂಟು ಅಡಿಯಿಂದ ಬಿದ್ದೆ, ಅಷ್ಟೇ. ಮುಂಗೈ ಮುರಿಯಿತು. ಮೂರು ತಿಂಗಳು ಕೆಲಸವಿಲ್ಲ. ಕೂಲಿಗೆ ಹೋದವನಾಗಿದ್ದರೆ ಕೆಲಸ ಕೊಟ್ಟವರನ್ನು ಕೇಳಬಹುದಿತ್ತು. ಸ್ವಂತಕ್ಕೆ ದುಡಿಯುವವನು ಯಾರನ್ನು ಕೇಳಬೇಕು? ಆ ಮೂರು ತಿಂಗಳು ಮನೆಯ ರೇಷನ್ನಿಗೆ ಮಾಡಿದ ಸಾಲದಲ್ಲಿ ಒಳ್ಳೆಯ ಬೆಲ್ಟು, ಹಗ್ಗ ಎರಡೂ ಬರುತ್ತಿದ್ದವು.

ಯಾವ ಗಿಡ ಹತ್ತುತ್ತೀರಿ?

ಸಾಮಾನು ಕೊಳ್ಳುವ ಮೊದಲು ಇದನ್ನು ತೀರ್ಮಾನಿಸಿ. ತೆಂಗಿಗೆ ಕೊಂಬೆ ಇಲ್ಲ, ಉದ್ದಕ್ಕೂ ಒಂದೇ ಕಂಬ. ಅದಕ್ಕೆ ಮಷೀನು ನಡೆಯುತ್ತದೆ. ಹುಣಸಿ, ಬೇವು, ಆಲ ಇವಕ್ಕೆಲ್ಲ ಕೊಂಬೆ ಇರುವುದರಿಂದ ಆ ಮಷೀನು ಕೆಲಸಕ್ಕೇ ಬರುವುದಿಲ್ಲ. ಅಲ್ಲಿ ಹಗ್ಗವೇ ಮಷೀನು. ಎರಡಕ್ಕೂ ಬೇಕಾಗುವುದು ಮೈಗೆ ಹಾಕುವ ಬೆಲ್ಟ್. ಅದನ್ನು ಮೊದಲು ಕೊಳ್ಳಿ ಅನ್ನಲು ಇದೂ ಒಂದು ಕಾರಣ.

ನುಗ್ಗೆ ಗಿಡ ಹತ್ತಲೇಬೇಡಿ. ಎಷ್ಟು ದಪ್ಪ ಇದ್ದರೂ ಸರಿ, ಅದರ ಕೊಂಬೆ ಹೇಳದೇ ಕೇಳದೇ ಮುರಿಯುತ್ತದೆ. ಅದಕ್ಕೆ ಗಳ ಸಾಕು.

ಬೆಲ್ಟ್

ಅಂಗಡಿಯಲ್ಲಿ ‘ಸೇಫ್ಟಿ ಬೆಲ್ಟ್’ ಅಂದರೆ ಸೊಂಟದ ಪಟ್ಟಿ ಒಂದನ್ನೇ ಕೊಟ್ಟುಬಿಡುತ್ತಾರೆ. ಅದು ಸಾಲದು. ಸೊಂಟದ ಪಟ್ಟಿಯಲ್ಲಿ ಬಿದ್ದರೆ ಏಟೆಲ್ಲ ಬೆನ್ನುಮೂಳೆಗೆ. ತಲೆಕೆಳಗಾದರೆ ಮೈ ಜಾರಿ ಹೊರಗೇ ಬರಬಹುದು. ‘ಫುಲ್ ಬಾಡಿ ಹಾರ್ನೆಸ್’ ಅಂತ ಕೇಳಿ. ಭುಜ, ಎದೆ, ಸೊಂಟ, ಎರಡು ತೊಡೆ, ಎಲ್ಲಕ್ಕೂ ಪಟ್ಟಿ ಇರಬೇಕು. ಸೊಂಟದ ಎರಡೂ ಬದಿಗೆ ಒಂದೊಂದು ಉಕ್ಕಿನ ರಿಂಗ್ ಇರಬೇಕು, ಗಿಡಕ್ಕೆ ಒರಗಿ ನಿಂತು ಕೆಲಸ ಮಾಡಲು ಅವೇ ಬೇಕು. ಕಟ್ಟಡದ ಕೆಲಸದ ಅಗ್ಗದ ಹಾರ್ನೆಸ್‌ಗೆ ಬೆನ್ನ ಹಿಂದೆ ಮಾತ್ರ ರಿಂಗ್ ಇರುತ್ತದೆ. ಅದು ಬಿದ್ದಾಗ ಹಿಡಿಯುತ್ತದೆ ನಿಜ, ಆದರೆ ಗಿಡದಲ್ಲಿ ನಿಂತು ಕೆಲಸ ಮಾಡಲು ಬಿಡುವುದಿಲ್ಲ.

ಒಳಗೆ ಹೊಲಿದ ಚೀಟಿ ಓದಿ. ಐಎಸ್ 3521 (ನಮ್ಮ ದೇಶದ ಗುಣಮಟ್ಟದ ಗುರುತು) ಅಥವಾ ಇಎನ್ 361 (ಯುರೋಪಿನದು) ಅಂತ ಇರಬೇಕು, ತಯಾರಾದ ತಿಂಗಳು ವರ್ಷ ಇರಬೇಕು. ಚೀಟಿ ಇಲ್ಲದ್ದು, ಚೀಟಿ ಹರಿದದ್ದು ಬೇಡ. ಯಾರೋ ಬಳಸಿದ ಹಳೇ ಬೆಲ್ಟಂತೂ ಬೇಡವೇ ಬೇಡ, ಅದು ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟೋ ಏನೋ ನಿಮಗೆ ಗೊತ್ತಾಗುವುದಿಲ್ಲ.

ಅಂಗಡಿಯಲ್ಲೇ ಹಾಕಿಕೊಂಡು ನೋಡಿ. ಸಂಕೋಚ ಬೇಡ. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಆಮೇಲೆ ತೊಲೆಗೋ ಕೊಕ್ಕೆಗೋ ಸಿಕ್ಕಿಸಿ ನೆಲದಿಂದ ಒಂದಡಿ ಮೇಲೆ ಐದು ನಿಮಿಷ ತೂಗಿ. ತೊಡೆ ಜೋಮು ಹಿಡಿದರೆ ಅದು ನಿಮ್ಮ ಅಳತೆಯಲ್ಲ.

ಹಗ್ಗ ಮತ್ತು ಕೊಕ್ಕೆ

ಹಗ್ಗ 11ರಿಂದ 13 ಮಿಲಿಮೀಟರ್ ದಪ್ಪದ್ದಿರಲಿ. ಒಳಗೆ ಎಳೆಗಳು, ಹೊರಗೆ ಹೆಣೆದ ಹೊದಿಕೆ, ಇಂಥದ್ದು. ಹತ್ತಲೆಂದೇ ಮಾಡಿದ ಹಗ್ಗಕ್ಕೆ ಇಎನ್ 1891 ಅಂತ ಗುರುತು ಇರುತ್ತದೆ. ಕೊಪ್ಪಳ, ಬಳ್ಳಾರಿ ಪೇಟೆಯ ಹಗ್ಗದ ಅಂಗಡಿಗಳಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಿ. ನನ್ನ ಹಾಗೆ ತಾಡಪತ್ರಿ ಹಗ್ಗಕ್ಕೆ ಹೋಗಬೇಡಿ.

ಈ ಹಗ್ಗದ ಒಂದು ಗುಣ ತಿಳಿದಿರಬೇಕು. ಅದು ಹೆಚ್ಚು ಹಿಗ್ಗುವುದಿಲ್ಲ. ಒರಗಿ ನಿಲ್ಲಲು ಅದೇ ಒಳ್ಳೆಯದು. ಆದರೆ ಸಡಿಲ ಬಿಟ್ಟು ಮೂರು ನಾಲ್ಕು ಅಡಿ ಬಿದ್ದರೆ ಏಟನ್ನು ಅದು ನುಂಗುವುದಿಲ್ಲ, ನಿಮ್ಮ ಮೈಗೇ ಕೊಡುತ್ತದೆ. ಅದಕ್ಕೇ ಹಗ್ಗ ಯಾವಾಗಲೂ ಬಿಗಿಯಾಗಿರಬೇಕು. ಕಟ್ಟಿದ ಜಾಗ ಸೊಂಟಕ್ಕಿಂತ ಮೇಲೇ ಇರಬೇಕು.

ಹಗ್ಗದ ಜೊತೆಗೆ ಗಿಡವನ್ನು ಸುತ್ತಿ ಹಿಡಿಯುವ ಗಿಡ್ಡ ಹಗ್ಗ ಎರಡು ಬೇಕು. ಇದನ್ನು ಲ್ಯಾನ್ಯಾರ್ಡ್ ಅನ್ನುತ್ತಾರೆ. ಒಂದಲ್ಲ, ಎರಡು. ಕೊಂಬೆ ದಾಟುವಾಗ ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಆಚೆ ಕಟ್ಟಿರಬೇಕು. ಗರಗಸದ ಕೆಲಸ ಜಾಸ್ತಿ ಇದ್ದರೆ ಒಂದಾದರೂ ಒಳಗೆ ಉಕ್ಕಿನ ತಂತಿ ಇರುವುದನ್ನು ತೆಗೆದುಕೊಳ್ಳಿ. ಕೈ ತಪ್ಪಿ ಗರಗಸ ತಾಗಿದರೆ ಬಟ್ಟೆಯ ಹಗ್ಗ ಒಂದೇ ಎಳೆತಕ್ಕೆ ಹೋಗುತ್ತದೆ.

ಕೊಕ್ಕೆಗೆ ಕ್ಯಾರಾಬಿನರ್ ಅನ್ನುತ್ತಾರೆ. ಬಾಯಿಗೆ ಲಾಕ್ ಇರುವುದೇ ಬೇಕು. ಎಷ್ಟು ಕಿಲೋನ್ಯೂಟನ್ ತಡೆಯುತ್ತದೆ ಅಂತ ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ. 22 ಅಂತ ಇದ್ದರೆ ಉದ್ದಕ್ಕೆ ಸುಮಾರು 2,200 ಕಿಲೋ ಎಳೆತ ತಡೆಯುತ್ತದೆ ಎಂದರ್ಥ. ಅಡ್ಡಕ್ಕೆ ಎಳೆದರೆ, ಬಾಯಿ ತೆರೆದಿದ್ದರೆ ಆ ಬಲ ಬಹಳ ಇಳಿದುಹೋಗುತ್ತದೆ. ಬೀಗದ ಕೈ ಸಿಕ್ಕಿಸುವ ಬಣ್ಣದ ಕೊಕ್ಕೆಗಳು ನೋಡಲು ಹೀಗೇ ಇರುತ್ತವೆ. ಅಚ್ಚು ಇಲ್ಲದಿದ್ದರೆ ಮುಟ್ಟಬೇಡಿ.

ಹಗ್ಗದ ವೈರಿಗಳು ನಮ್ಮ ಸೀಮೆಯಲ್ಲಿ ಜಾಸ್ತಿ. ರಾಯಚೂರು ಬಿಸಿಲು ಒಂದು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಇನ್ನೊಂದು. ಆ ಧೂಳು ಎಳೆಗಳ ನಡುವೆ ಹೊಕ್ಕು ಉಜ್ಜುಕಾಗದದಂತೆ ಒಳಗಿಂದಲೇ ತೇಯುತ್ತದೆ. ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಚೀಲದಲ್ಲಿಡಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬ್ಯಾಟರಿ, ಡೀಸೆಲ್ ಡಬ್ಬದ ಪಕ್ಕ ಎಸೆಯಬೇಡಿ. ಬ್ಯಾಟರಿ ಆ್ಯಸಿಡ್ ತಾಗಿದ ಹಗ್ಗ ಹೊರಗೆ ಚೆನ್ನಾಗೇ ಕಾಣುತ್ತದೆ. ಪ್ರತಿ ದಿನ ಹತ್ತುವ ಮೊದಲು ಇಡೀ ಹಗ್ಗವನ್ನು ಬೆರಳ ನಡುವೆ ಹಾಯಿಸಿ. ಎಲ್ಲಾದರೂ ಗಂಟು, ತೆಳು, ಮೆತ್ತಗೆ ಅನ್ನಿಸಿದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು.

ಈಗ ಮಷೀನು

ತೆಂಗಿಗೆ ಎರಡು ಬಗೆ ಇವೆ. ನಿಂತು ಹತ್ತುವುದು, ಕೂತು ಹತ್ತುವುದು. ನಿಂತು ಹತ್ತುವುದನ್ನು ರೂಪಿಸಿದ್ದು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಜೋಸೆಫ್. ಎಡಗಾಲಿಗೊಂದು, ಬಲಗಾಲಿಗೊಂದು ಚೌಕಟ್ಟು. ಎರಡಕ್ಕೂ ಗಿಡವನ್ನು ಬಳಸುವ ಉಕ್ಕಿನ ತಂತಿ. ಒಂದು ಕಾಲ ಮೇಲೆ ಭಾರ ಹಾಕಿದರೆ ಆ ತಂತಿ ಬಿಗಿಯುತ್ತದೆ, ಇನ್ನೊಂದನ್ನು ಕೈಯಿಂದ ಎತ್ತಿ ಮೇಲೆ ಸರಿಸುವುದು. ನಡೆದಂತೆ ಹತ್ತಬಹುದು. ಬೇಗ ಆಗುತ್ತದೆ.

ಅದರಲ್ಲಿ ಒಂದು ತೊಂದರೆ ಇದೆ. ಪಾದ ಮಷೀನಿನಲ್ಲಿ ಸಿಕ್ಕಿರುತ್ತದೆ, ಮೇಲಿನ ಮೈ ಬರೀ ಕೈಬಲದ ಮೇಲೆ ನಿಂತಿರುತ್ತದೆ. ತಲೆ ಸುತ್ತಿ ಕೈ ಬಿಟ್ಟರೆ ಮೈ ಹಿಂದಕ್ಕೆ ವಾಲಿ ತಲೆಕೆಳಗಾಗಿ ನೇತಾಡಬೇಕಾಗುತ್ತದೆ. ಹಾಗಾಗಿ ಬೆಲ್ಟಿನ ಲ್ಯಾನ್ಯಾರ್ಡ್ ಗಿಡ ಸುತ್ತಿ ನಿಮ್ಮ ಜೊತೆ ಮೇಲೇರುತ್ತಲೇ ಇರಬೇಕು. ಕೂತು ಹತ್ತುವ ಮಷೀನು ನಿಧಾನ. ಆದರೆ ದಿನಕ್ಕೆ ಹತ್ತಿಪ್ಪತ್ತು ಗಿಡ ಹತ್ತುವವರಿಗೆ, ಮಂಡಿ ನೋವಿದ್ದವರಿಗೆ, ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಮೇಲೆ ಹೋಗಿ ಕೂತು ಎರಡೂ ಕೈಯಲ್ಲಿ ಕೆಲಸ ಮಾಡಬಹುದು.

ಕೊಳ್ಳುವಾಗ ತಂತಿಯ ಮೇಲೆ ಹತ್ತಿಬಟ್ಟೆ ಹಿಡಿದು ಎಳೆಯಿರಿ. ಬಟ್ಟೆ ಸಿಕ್ಕಿಕೊಂಡರೆ ಎಳೆ ಮುರಿದಿದೆ ಎಂದೇ ತಿಳಿಯಿರಿ. ಗಿಡಕ್ಕೆ ಒತ್ತುವ ರಬ್ಬರ್ ಸವೆದಿರಬಾರದು, ಅದಕ್ಕೆ ಎಣ್ಣೆ ತಾಗಬಾರದು. ತಂತಿಯ ಉದ್ದವನ್ನು ಗಿಡದ ದಪ್ಪಕ್ಕೆ ತಕ್ಕಂತೆ ಬದಲಿಸಲು ಬರಬೇಕು, ಬುಡಕ್ಕಿಂತ ಮೇಲೆ ಗಿಡ ಸಣ್ಣಗಾಗುತ್ತದಲ್ಲ.

ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಗಿಡ ಹತ್ತುವವರಿಗೆ ಮಷೀನಿನ ತರಬೇತಿ ಕೊಡಿಸುತ್ತಾ ಬಂದಿದೆ. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸುಮ್ನೆ ವಿಡಿಯೊ ನೋಡಿ ಹತ್ತಬೇಡಿ.

ಉಳಿದ ಸಾಮಾನು ಬೇಗ ಹೇಳಿಬಿಡುತ್ತೇನೆ. ತಲೆಗೆ ಗದ್ದದ ಪಟ್ಟಿ ಇರುವ ಹೆಲ್ಮೆಟ್. ಬೈಕಿನದು ಭಾರ, ಕತ್ತೆತ್ತಿ ನೋಡಲು ಬಿಡುವುದಿಲ್ಲ. ಕಾಲಿಗೆ ಹಿಡಿತವಿರುವ ಕ್ಯಾನ್ವಾಸ್ ಬೂಟು. ಕುಡುಗೋಲು, ಗರಗಸ ಎರಡಕ್ಕೂ ಒರೆ ಮತ್ತು ಕಟ್ಟಲು ದಾರ. ಬರಿ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತುವುದನ್ನು ದಯವಿಟ್ಟು ಬಿಡಿ.

ಹತ್ತುವ ಮೊದಲು, ಹತ್ತುವಾಗ

ಗಿಡದ ಸುತ್ತ ಒಂದು ಸುತ್ತು ಬನ್ನಿ. ಮೊದಲು ನೋಡಬೇಕಾದದ್ದು ಕರೆಂಟಿನ ತಂತಿ. ಗರಿಯೋ ಕೊಂಬೆಯೋ ತಂತಿಗೆ ತಾಗುವಂತಿದ್ದರೆ ಕರೆಂಟ್ ಕಂಪನಿ ಜೆಸ್ಕಾಂನ ಲೈನ್‌ಮನ್ ಬಂದು ಲೈನ್ ಬಂದ್ ಮಾಡಿ ಎಲ್‌ಸಿ (ಲೈನ್ ಕ್ಲಿಯರ್) ಕೊಡುವವರೆಗೆ ಹತ್ತಬಾರದು. ನಿಮ್ಮ ಮಷೀನು ಕಬ್ಬಿಣ, ಹಸಿ ಗರಿಯಲ್ಲಿ ನೀರು, ಎರಡರಲ್ಲೂ ಕರೆಂಟು ಹರಿಯುತ್ತದೆ. “ಈಗ ಕರೆಂಟ್ ಇಲ್ಲ, ಹತ್ತಪ್ಪಾ” ಅಂತ ತೋಟದವರು ಹೇಳಿದರೂ ಒಪ್ಪಬೇಡಿ. ದೂರು ಕೊಡಲು 1912 ನಂಬರ್ ಇದೆ.

ಆಮೇಲೆ ಹೆಜ್ಜೇನು. ಇದ್ದರೆ ಆ ದಿನ ಆ ಗಿಡ ಬಿಡಿ. ಆಮೇಲೆ ಬುಡದಲ್ಲಿ ಪೊಟರೆ, ಅಣಬೆ ಇದೆಯೇ, ಮೇಲೆ ಸುಳಿ ಬಾಗಿದೆಯೇ ಅಂತ ನೋಡಿ. ಮಳೆ ಬಿದ್ದು ಗಿಡ ಒದ್ದೆ ಇದ್ದರೆ ಒಣಗುವವರೆಗೆ ಕಾಯಿರಿ.

ಕೆಳಗೆ ಒಬ್ಬರು ಇರಲೇಬೇಕು. ಕಾಯಿ ಆರಿಸಲು ಅಲ್ಲ, ನಿಮ್ಮನ್ನು ಇಳಿಸಲು. ಬೆಲ್ಟಿನಲ್ಲಿ ಎಚ್ಚರ ತಪ್ಪಿ ಅಲ್ಲಾಡದೆ ತೂಗುತ್ತಿದ್ದರೆ ಕಾಲಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. 108ಕ್ಕೆ ಫೋನ್ ಮಾಡಬೇಕು, ಆದರೆ ಆಂಬುಲೆನ್ಸ್ ಬರುವವರೆಗೆ ಕಾಯುವಂತಿಲ್ಲ. ಕೆಳಗಿರುವವರಿಗೆ ಇಳಿಸುವುದನ್ನು ಮೊದಲೇ ಕಲಿಸಿ, ಆಳೆತ್ತರದಲ್ಲಿ ನಾಲ್ಕು ಸಲ ಮಾಡಿಸಿ.

ತೆಂಗಿನಲ್ಲಿ ಲ್ಯಾನ್ಯಾರ್ಡ್ ಒಂದೇ ಸುತ್ತು ಹಾಕಿದರೆ ನುಣುಪು ಗಿಡದಲ್ಲಿ ಜಾರುತ್ತದೆ. ಗೊನೆಯ ಕೆಳಗೆ ತಲುಪಿದ ಮೇಲೆ ಎರಡು ಸುತ್ತು ಹಾಕಿ ಬಿಗಿದು, ಒರಗಿ ನೋಡಿ, ಆಮೇಲಷ್ಟೇ ಕುಡುಗೋಲು ಕೈಗೆ. ಗರಿಗೆ ಎಂದೂ ಕಟ್ಟಬೇಡಿ, ಹಸಿರಾಗಿ ಕಂಡರೂ ಬುಡದಲ್ಲಿ ಕಿತ್ತು ಬರುತ್ತದೆ.

ಹುಣಸಿಗೆ ಬೇರೆ ಕ್ರಮ. ಸಣ್ಣ ಮರಳಿನ ಚೀಲಕ್ಕೆ ತೆಳು ದಾರ ಕಟ್ಟಿ ಗಟ್ಟಿ ಕೊಂಬೆಯ ಮೇಲಿಂದ ಎಸೆದು, ಅದರಿಂದ ದಪ್ಪ ಹಗ್ಗ ಎಳೆದುಕೊಳ್ಳುವುದು. ಕೊಂಬೆ ತೊಡೆಯಷ್ಟು ದಪ್ಪ ಇರಲಿ, ಹಸಿ ಇರಲಿ, ಹಗ್ಗ ಕಾಂಡದ ಪಕ್ಕದಲ್ಲೇ ಬೀಳಲಿ. ಹತ್ತುವ ಮೊದಲು ಇಬ್ಬರು ಜೋತುಬಿದ್ದು ನೋಡಿ. ಕೊಂಬೆ ಕಡಿಯುವಾಗ ಮೊದಲು ಕೆಳಗಿನಿಂದ ಮೂರನೇ ಒಂದು ಪಾಲು ಕೊಯ್ಯಿ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಕೊಯ್ಯಿ, ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಹೀಗೆ ಮಾಡಿದರೆ ತೊಗಟೆ ಸೀಳಿ ಕಾಂಡದವರೆಗೆ ಬರುವುದಿಲ್ಲ. ಕಾಲಿಗೆ ಮೊಳೆ ಕಟ್ಟಿಕೊಂಡು ಹತ್ತುವ ಸಾಧನವೂ ಸಿಗುತ್ತದೆ, ಬದುಕಿರುವ ಗಿಡಕ್ಕೆ ಅದು ಬೇಡ. ಪ್ರತಿ ಹೆಜ್ಜೆಗೂ ಒಂದು ಗಾಯ, ಆ ಗಾಯದಲ್ಲೇ ಹುಳು ಸೇರುತ್ತದೆ. ಗಿಡವನ್ನೇ ಬುಡಸಹಿತ ತೆಗೆಯಿರಿ ಅಂದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ನೆನಪಿರಲಿ. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಚೀಟಿ ಕಣ್ಣಾರೆ ನೋಡಿದ ಮೇಲೇ ಗರಗಸ ಹಿಡಿಯಿರಿ.

ನಮ್ಮ ಬಿಸಿಲಿಗೆ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ಇಳಿದುಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಹತ್ತುವುದು ತಲೆಸುತ್ತನ್ನು ಕರೆದಂತೆ.

ದರ, ವಿಮೆ, ಪುಸ್ತಕ

ದರ ಹೇಳುವಾಗ ಬಹಳ ಜನ ಬರೀ ಮೈದಣಿವು ಲೆಕ್ಕ ಹಾಕುತ್ತಾರೆ. ಸಾಮಾನಿನ ಸವಕಳಿಯನ್ನೂ ಸೇರಿಸಿ. ಉದಾಹರಣೆಗೆ ಎಲ್ಲ ಸೇರಿ 15,000 ರೂಪಾಯಿ ಆಯಿತು, ಮೂರು ವರ್ಷ ಬಾಳುತ್ತದೆ, ವರ್ಷಕ್ಕೆ 200 ದಿನ ಕೆಲಸ ಅಂದುಕೊಳ್ಳಿ. ದಿನಕ್ಕೆ 25 ರೂಪಾಯಿ ಬಿತ್ತು. ಅಷ್ಟನ್ನು ಬೇರೆ ಡಬ್ಬಿಗೆ ಹಾಕಿ. ಕೆಳಗಿರುವವರ ಕೂಲಿಯನ್ನೂ ದರದಲ್ಲೇ ಹಿಡಿಯಿರಿ. “ಗೌಡ್ರೇ, ಇಬ್ಬರು ಬರ್ತೀವಿ, ಇಬ್ಬರದೂ ಸೇರಿ ಇಷ್ಟು” ಅಂತ ಹತ್ತುವ ಮೊದಲೇ ಹೇಳಿ. ಉದ್ರಿ ಬೇಡ. ಕಾಯಿ ಮಾರಿದ ಮೇಲೆ ರೊಕ್ಕ ಕೊಡುತ್ತೇನೆ ಅನ್ನುವವರಿಗೆ ಕಾಯಿಯಲ್ಲೇ ಕೂಲಿ ಕೊಡಿ ಅನ್ನಿ.

ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ, ಭಾಗಶಃ ಶಾಶ್ವತ ಊನವಾದರೆ 1 ಲಕ್ಷ. 18ರಿಂದ 70 ವರ್ಷದವರು ಬ್ಯಾಂಕಿನಲ್ಲೇ ಮಾಡಿಸಬಹುದು. ಮೇ ಕೊನೆಗೆ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ತೆಂಗು ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಇದೆ, ಅದರ ಕಂತಿನ ಹೆಚ್ಚಿನ ಪಾಲು ಮಂಡಳಿಯೇ ಕೊಡುತ್ತದೆ. ಎರಡನ್ನೂ ಮಾಡಿಸಿ.

ಒಂದು ಪುಸ್ತಕ ಇಡಿ. ಯಾರ ತೋಟ, ಎಷ್ಟು ಗಿಡ, ಯಾವ ದಿನ ಹತ್ತಿದ್ದು, ಯಾವ ಗಿಡದ ಸುಳಿಯಲ್ಲಿ ದುಂಬಿ ಕೊರೆದಿತ್ತು. ಒಂದೂವರೆ ತಿಂಗಳಾದ ಮೇಲೆ ಮುಂದಿನ ಕಾಯಿ ಇಳಿಸಲು ತೋಟದವರಿಗೆ ನೀವೇ ಫೋನ್ ಮಾಡಿ. ನನ್ನ ಪುಸ್ತಕದ ಕೊನೇ ಪುಟದಲ್ಲಿ ಬೆಲ್ಟು, ಹಗ್ಗ, ಕೊಕ್ಕೆ ಕೊಂಡ ತಾರೀಖು ಬರೆದಿದ್ದೇನೆ. ಈಗಿನ ಹಗ್ಗದ ಹೊದಿಕೆ ಎರಡು ಕಡೆ ನೂಲು ಬಿಟ್ಟಿದೆ. ಹೊಸದು ಬಂದಿದೆ. ಹಳೆಯದನ್ನು ಯಾರೂ ಮತ್ತೆ ಹತ್ತಲು ಬಳಸದಂತೆ ಒಂದೊಂದು ಮಾರಿನ ತುಂಡು ಮಾಡಿ ಎಮ್ಮೆ ಕಟ್ಟಲು ಕೊಟ್ಟಿದ್ದೇನೆ.