ಬಿಸಿಯಾದರೆ ಸೋಲುವ ಪಂಪು: ಹಳೆಯ ಝೀರೋ ಟರ್ನ್ ಮೋವರ್ ರಿಪೇರಿಯ ನನ್ನ ಅನುಭವ

ಕೊಡಗಿನ ಗೋಣಿಕೊಪ್ಪಲಿನ ಸುತ್ತಮುತ್ತ ಹೋಂಸ್ಟೇಗಳೂ ರೆಸಾರ್ಟುಗಳೂ ಹೆಚ್ಚಿದ ಮೇಲೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಪಂಪ್‌ಸೆಟ್ಟುಗಳ ಜೊತೆಗೆ ಹುಲ್ಲು ಕತ್ತರಿಸುವ ಯಂತ್ರಗಳೂ ನನ್ನ ಶೆಡ್ಡಿಗೆ ಬರತೊಡಗಿದವು. ಅವುಗಳ ಪೈಕಿ ಒಂದು ಹಳೆಯ ಝೀರೋ ಟರ್ನ್ ಮೋವರನ್ನು (ಎರಡು ಲಿವರುಗಳಿಂದ ನಡೆಸುವ, ನಿಂತಲ್ಲೇ ತಿರುಗಬಲ್ಲ ಹುಲ್ಲು ಕತ್ತರಿಸುವ ಯಂತ್ರ) ಅದರ ಮಾಲೀಕರು ಮಾರಿಬಿಡುವ ಮನಸ್ಸು ಮಾಡಿದಾಗ ನಾನೇ ಕೊಂಡೆ. ಎಂಜಿನ್ ಚೆನ್ನಾಗಿತ್ತು, ಬ್ಲೇಡುಗಳ ಡೆಕ್ಕೂ ಗಟ್ಟಿಯಾಗಿತ್ತು, ಆದರೆ ಅರ್ಧ ಗಂಟೆ ಓಡಿಸಿದ ಮೇಲೆ ಸಣ್ಣ ಏರನ್ನೂ ಹತ್ತುತ್ತಿರಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಅದೇ ಏರನ್ನು ಸರಾಗವಾಗಿ ಹತ್ತುತ್ತಿತ್ತು ಎಂಬುದೇ ಈ ರೋಗದ ಮುಖ್ಯ ಲಕ್ಷಣ.

ಇಂಥ ಯಂತ್ರದಲ್ಲಿ ಗೇರ್‌ಬಾಕ್ಸ್ ಇರುವುದಿಲ್ಲ. ಎರಡು ಹಿಂದಿನ ಚಕ್ರಗಳಿಗೆ ಎರಡು ಪ್ರತ್ಯೇಕ ಹೈಡ್ರಾಲಿಕ್ ಮೋಟರುಗಳು, ಅವುಗಳಿಗೆ ಎಣ್ಣೆ ತಳ್ಳಲು ಎರಡು ಪಂಪುಗಳು, ಆ ಎರಡೂ ಪಂಪುಗಳನ್ನು ತಿರುಗಿಸಲು ಎಂಜಿನ್ನಿನಿಂದ ಬರುವ ಒಂದೇ ಬೆಲ್ಟು. ಪಂಪಿನೊಳಗೆ ಸಿಲಿಂಡರ್ ಬ್ಲಾಕ್ ತಿರುಗುತ್ತದೆ. ಅದರೊಳಗಿನ ಪಿಸ್ಟನ್ನುಗಳ ತಲೆ ಸ್ವಾಶ್ ಪ್ಲೇಟ್ ಎಂಬ ಓರೆ ತಟ್ಟೆಯ ಮೇಲೆ ಊರಿಕೊಂಡಿರುತ್ತದೆ. ಲಿವರ್ ತಳ್ಳಿದಾಗ ತಟ್ಟೆ ವಾಲುತ್ತದೆ, ವಾಲಿದಷ್ಟೂ ಪಿಸ್ಟನ್ನಿನ ಓಡಾಟ ಹೆಚ್ಚಿ ಎಣ್ಣೆ ಹೆಚ್ಚು ಹರಿಯುತ್ತದೆ, ಇನ್ನೊಂದು ಕಡೆಗೆ ವಾಲಿದರೆ ಹರಿವು ತಿರುಗುಮುರುಗಾಗಿ ಚಕ್ರ ಹಿಂದಕ್ಕೆ ತಿರುಗುತ್ತದೆ. ಬ್ಲಾಕಿನ ಕೆಳಮುಖವು ವಾಲ್ವ್ ಪ್ಲೇಟ್ ಎಂಬ, ಎಣ್ಣೆ ಒಳಬಂದು ಹೊರಹೋಗುವ ಕಂಡಿಗಳಿರುವ ತಟ್ಟೆಯ ಮೇಲೆ ಉಜ್ಜುತ್ತಾ ಸುತ್ತುತ್ತದೆ; ಈ ಎರಡರ ನಡುವೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರ ಮಾತ್ರ ಇರಬೇಕು. ಆ ಮುಖಗಳಲ್ಲಿ ಗೀರು ಬಿದ್ದರೆ ಚಕ್ರಕ್ಕೆ ಹೋಗಬೇಕಾದ ಎಣ್ಣೆ ಪಂಪಿನೊಳಗೇ ಸೋರಿಹೋಗುತ್ತದೆ. ತಣ್ಣಗಿನ ಗಟ್ಟಿ ಎಣ್ಣೆ ಆ ಗೀರುಗಳಲ್ಲಿ ನಿಧಾನವಾಗಿ ಸೋರುತ್ತದೆ, ಬಿಸಿಯಾಗಿ ತೆಳುವಾದ ಎಣ್ಣೆ ಬೇಗ ಸೋರುತ್ತದೆ. ಆದ್ದರಿಂದಲೇ ಯಂತ್ರ ಬೆಳಿಗ್ಗೆ ಗೆದ್ದು ಮಧ್ಯಾಹ್ನ ಸೋಲುತ್ತದೆ.

ಹಾಗೆಂದು ಬಿಸಿಗೆ ಸೋತ ಯಂತ್ರದ ಪಂಪನ್ನು ತಕ್ಷಣ ಬಿಚ್ಚುವುದು ಸರಿಯಲ್ಲ. ಬೆಲ್ಟು ಜಾರುತ್ತಿದ್ದರೆ ಎರಡೂ ಚಕ್ರಗಳು ಒಟ್ಟಿಗೆ ನಿಶ್ಶಕ್ತವಾಗುತ್ತವೆ. ಒಂದೇ ಕಡೆಯ ದೌರ್ಬಲ್ಯಕ್ಕೆ ಬೆಲ್ಟನ್ನು ದೂರುವಂತಿಲ್ಲ. ಎಂಜಿನ್ ನಿಂತಾಗ ಯಂತ್ರವನ್ನು ಕೈಯಿಂದ ತಳ್ಳಲು ತೆರೆಯುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿಲ್ಲದಿದ್ದರೂ, ಲಿವರಿನ ಸಲಾಕೆಯ ಕೀಲು ಸವೆದು ತಟ್ಟೆ ಪೂರ್ತಿ ವಾಲದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಒಂದು ಚಕ್ರ ಹಿಂದಕ್ಕೆ ಬಲವಾಗಿ ಹೋಗಿ ಮುಂದಕ್ಕೆ ಮಾತ್ರ ಸೊರಗಿದರೆ, ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಆ ಬದಿಯ ಚೆಕ್ ವಾಲ್ವನ್ನು ಮೊದಲು ಸಂಶಯಿಸಬೇಕು. ಬಹಳ ಸಲ ಅದರ ಗುಂಡಿನ ಕೆಳಗೆ ಕಸ ಸಿಕ್ಕಿರುತ್ತದೆ. ನನ್ನ ಯಂತ್ರದಲ್ಲಿ ಎರಡೂ ಕಡೆ ದಣಿವಿತ್ತು, ಎಡಗಡೆ ಹೆಚ್ಚು. ಪಂಪು ಕೆಟ್ಟಿದೆಯೋ ಮೋಟರು ಕೆಟ್ಟಿದೆಯೋ ತಿಳಿಯಲು ಎಡ ಪಂಪಿನ ಹೋಸುಗಳನ್ನು ಬಲ ಮೋಟರಿಗೂ ಬಲ ಪಂಪಿನವನ್ನು ಎಡ ಮೋಟರಿಗೂ ಜೋಡಿಸಿ, ಚಕ್ರಗಳನ್ನು ನೆಲಕ್ಕೆ ತಾಗದಂತೆ ಎತ್ತಿ ಗಾಳಿ ತೆಗೆದ ನಂತರ, ಅಂಗಳದಲ್ಲೇ ಬಹಳ ನಿಧಾನವಾಗಿ ನಡೆಸಿದೆ. ಆಗ ಎಡ ಲಿವರ್ ಬಲ ಚಕ್ರವನ್ನು ನಡೆಸುತ್ತದೆ ಎಂಬುದನ್ನು ಮರೆತು ಇಳಿಜಾರಿಗೆ ಇಳಿಯಬಾರದು. ಹೆಚ್ಚಿನ ದಣಿವು ಬಲ ಚಕ್ರಕ್ಕೆ ಬಂತು, ಅಂದರೆ ಮೋಟರುಗಳು ನಿರಪರಾಧಿಗಳು.

ಎಣ್ಣೆಯ ಕಥೆಯನ್ನು ಇಲ್ಲೇ ಹೇಳಬೇಕು. ಟ್ಯಾಂಕಿನಲ್ಲಿ ಇದ್ದದ್ದು 68 ನಂಬರಿನ ಹೈಡ್ರಾಲಿಕ್ ಎಣ್ಣೆ. ಈ ಯಂತ್ರದ ಕೈಪಿಡಿ ಕೇಳುವುದು 20ಡಬ್ಲ್ಯು-50 ಎಂಜಿನ್ ಎಣ್ಣೆಯನ್ನು. 50ರ ದರ್ಜೆಯ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 16.3 ಸೆಂಟಿಸ್ಟೋಕ್ ಸ್ನಿಗ್ಧತೆ (ಎಣ್ಣೆಯ ಗಟ್ಟಿತನದ ಅಳತೆ) ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಸಾಮಾನ್ಯ 68 ನಂಬರಿನದು ಅದೇ ಬಿಸಿಯಲ್ಲಿ ಸುಮಾರು ಅದರ ಅರ್ಧಕ್ಕೆ ಇಳಿದಿರುತ್ತದೆ. ‘ಹೈಡ್ರಾಲಿಕ್’ ಎಂದು ಡಬ್ಬದ ಮೇಲೆ ಬರೆದಿದ್ದರೆ ಸಾಕು, ಹೈಡ್ರಾಲಿಕ್ ಯಂತ್ರಕ್ಕೆ ಅದೇ ಸರಿ ಎಂದು ನಮ್ಮಲ್ಲಿ ಅನೇಕರು ನಂಬುತ್ತಾರೆ. ಸರಿಯಾದ ಎಣ್ಣೆಯನ್ನೂ ಹೊಸ ಫಿಲ್ಟರನ್ನೂ ಹಾಕಿದಾಗ ಯಂತ್ರ ಸ್ವಲ್ಪ ಸುಧಾರಿಸಿತು, ಆದರೆ ಆಗಿರುವ ಸವೆತ ಎಣ್ಣೆಯಿಂದ ಹಿಂದಿರುಗುವುದಿಲ್ಲ.

ಕೊಡವರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹುಲ್ಲಿನ ಮೇಲೆ ಯಂತ್ರ ಇಳಿಸುವ ಹಾಗಿರಲಿಲ್ಲವಾದ್ದರಿಂದ ಬಿಚ್ಚಲು ಅದೇ ಸಮಯವನ್ನು ಆರಿಸಿಕೊಂಡೆ. ಮೊದಲು ಇಡೀ ಕೆಳಭಾಗವನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಒರೆಸಿದೆ, ಏಕೆಂದರೆ ಹೋಸ್ ಬಿಚ್ಚಿದ ಕ್ಷಣದಲ್ಲಿ ಒಳಗೆ ಬೀಳುವ ಒಂದು ಚಿಟಿಕೆ ಕೆಂಪು ಮಣ್ಣು ಮುಂದಿನ ಕೆಲಸವನ್ನೆಲ್ಲ ವ್ಯರ್ಥ ಮಾಡಬಲ್ಲದು. ಬಿಚ್ಚಿದ ಪ್ರತಿ ಬಾಯಿಗೂ ಮುಚ್ಚಳ ಹಾಕಿದೆ. ಪುಲ್ಲಿಯನ್ನು ಪುಲ್ಲರ್ ಹಾಕಿಯೇ ಎಳೆಯಬೇಕು. ಶಾಫ್ಟಿನ ಮೇಲೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಒಳಗಿನ ಬೇರಿಂಗಿಗೂ ಬ್ಲಾಕಿಗೂ ತಾಗುತ್ತದೆ.

ಪಂಪಿನ ಮುಚ್ಚಳದ ಬೋಲ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ, ಏಕೆಂದರೆ ಬ್ಲಾಕಿನ ಸ್ಪ್ರಿಂಗು ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ವಾಲ್ವ್ ಪ್ಲೇಟ್ ಯಾವ ಮುಖ ಮೇಲಾಗಿ ಕುಳಿತಿತ್ತು, ಅದರ ಸಣ್ಣ ಕಚ್ಚು ಯಾವ ಕಡೆಗಿತ್ತು ಎಂಬುದನ್ನು ಫೋಟೋ ತೆಗೆದುಕೊಂಡೆ. ಎರಡು ಚೆಕ್ ವಾಲ್ವುಗಳು ನೋಡಲು ಒಂದೇ ಥರ ಕಂಡರೂ ಒಂದರಲ್ಲಿ ಮಾತ್ರ ಸೂಜಿಯಷ್ಟು ಸಣ್ಣ ರಂಧ್ರವಿರಬಹುದು, ಅವನ್ನು ಅದಲುಬದಲು ಮಾಡಬಾರದು. ಪಿಸ್ಟನ್ನುಗಳನ್ನು ಬಂದ ತೂತಿಗೇ ಹಿಂತಿರುಗಿಸಲು ಗುರುತು ಹಾಕಿದ ಮೊಟ್ಟೆಯ ಟ್ರೇಯಲ್ಲಿ ಇಟ್ಟೆ.

ಬಲ ಪಂಪಿನ ವಾಲ್ವ್ ಪ್ಲೇಟಿನಲ್ಲಿ ವೃತ್ತಾಕಾರದ ಗೀರುಗಳಿದ್ದವು, ಆದರೆ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಪಿಸ್ಟನ್ನಿಗೆ ಎಣ್ಣೆ ಹಚ್ಚಿ ತೂತಿಗೆ ಇಳಿಸಿ, ಬ್ಲಾಕಿನ ಕೆಳಬಾಯಿಯನ್ನು ಬೆರಳಿನಿಂದ ಮುಚ್ಚಿ ಎಳೆದು ಬಿಟ್ಟರೆ ಪಿಸ್ಟನ್ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು, ಹಾಗಾಗಿ ಬ್ಲಾಕು ಉಳಿಯುತ್ತದೆ ಎಂದು ತೀರ್ಮಾನಿಸಿದೆ. ಎಡ ಪಂಪಿನಲ್ಲಿ ಎರಡು ಪಿಸ್ಟನ್ನುಗಳ ಮೈ ಉದ್ದಕ್ಕೂ ಗೀಚಿಹೋಗಿತ್ತು. ಪರಿಚಯದ ಲೇತ್ ಅಂಗಡಿಯವರು ನೋಡಿ, “ಅಣ್ಣ, ಇದಕ್ಕೆ ನಾನು ಮಾಡೋದೇನೂ ಇಲ್ಲ, ಹೊಸ ಬ್ಲಾಕ್ ತರ್ಸಿ” ಎಂದರು, ಅದು ಪ್ರಾಮಾಣಿಕ ಮಾತು. ಪಿಸ್ಟನ್ ಸಹಿತ ಬ್ಲಾಕ್ ಕಿಟ್ಟನ್ನೂ ವಾಲ್ವ್ ಪ್ಲೇಟನ್ನೂ ಹೊರಗಿನಿಂದ ತರಿಸಬೇಕಾಯಿತು. ಆಯಿಲ್ ಸೀಲುಗಳಿಗೆ ಮಾತ್ರ ಕಂಪನಿಯ ಕಿಟ್ಟನ್ನೇ ಕಾಯುವ ಅಗತ್ಯ ಬೀಳಲಿಲ್ಲ. ಒಳ ವ್ಯಾಸ, ಹೊರ ವ್ಯಾಸ, ದಪ್ಪ ಈ ಮೂರನ್ನು ಅಳೆದು ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಓ-ರಿಂಗುಗಳು ನೈಟ್ರೈಲಿನಂಥ, ಎಣ್ಣೆಯನ್ನು ತಾಳುವ ರಬ್ಬರಿನವಾಗಿರಬೇಕು.

ಬಲ ಪಂಪಿನ ವಾಲ್ವ್ ಪ್ಲೇಟನ್ನು ನಾನೇ ಉಜ್ಜಿದೆ. ದಪ್ಪನೆಯ ಗಾಜಿನ ಹಲಗೆಯನ್ನು ಅಲುಗಾಡದ ಮೇಜಿನ ಮೇಲಿಟ್ಟು, ಅದರ ಮೇಲೆ ವಾಟರ್ ಪೇಪರ್ (ಒದ್ದೆ ಮಾಡಿ ಬಳಸುವ ನುಣುಪು ಉಜ್ಜುಕಾಗದ) ಹಾಸಿ, ತೆಳು ಎಣ್ಣೆ ಬಿಟ್ಟು, ಪ್ಲೇಟನ್ನು ಎಂಟರ ಆಕಾರದಲ್ಲಿ ಹಗುರವಾಗಿ ಓಡಿಸುತ್ತಾ ಆಗಾಗ ಕಾಲು ಸುತ್ತು ತಿರುಗಿಸಿ ಹಿಡಿಯಬೇಕು. 1000 ನಂಬರಿನ ಕಾಗದದಲ್ಲಿ ಆರಂಭಿಸಿ 1500, ಕೊನೆಗೆ 2000. ಮೊದಲೇ ಮಾರ್ಕರಿನಿಂದ ಮುಖದ ಮೇಲೆ ಗೆರೆಗಳನ್ನು ಎಳೆದಿದ್ದರೆ, ಗೆರೆ ಅಳಿಯದೆ ಉಳಿದ ಜಾಗವೇ ತಗ್ಗು ಎಂದು ತಿಳಿಯುತ್ತದೆ. ಎಲ್ಲವೂ ಸಮನಾಗಿ ಅಳಿದಾಗ ನಿಲ್ಲಿಸಬೇಕು, ಹೊಳಪಿನ ಆಸೆಗೆ ಮುಂದುವರಿಯಬಾರದು. ಉಕ್ಕಿನ ಬ್ಲಾಕಿನ ಮುಖಕ್ಕೆ 2000ರ ಕಾಗದ ಮಾತ್ರ ತಾಗಿಸಿದೆ. ಕಂಚಿನ ಮುಖವಿರುವ ಬ್ಲಾಕುಗಳಿಗೆ ಈ ವಿಧಾನ ಸಲ್ಲದು, ಮೆದು ಲೋಹದಲ್ಲಿ ಕಾಗದದ ಹರಳು ಹೂತು ಕುಳಿತು ಮುಂದೆ ಎದುರಿನ ತಟ್ಟೆಯನ್ನು ತಿನ್ನುತ್ತದೆ. ಮುಖ ಗುಂಡಗೆ ಇರುವ ಪಂಪುಗಳಿಗೂ ಸಲ್ಲದು.

ಉಜ್ಜಿದ ಉಕ್ಕನ್ನು ನಮ್ಮ ಮಳೆಗಾಲದಲ್ಲಿ ಬರಿಮೈಯಾಗಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಛಾಯೆ ಬಂದಿರುತ್ತದೆ. ಆದ್ದರಿಂದ ಸೀಮೆಎಣ್ಣೆಯಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿದ ಕೂಡಲೇ 20ಡಬ್ಲ್ಯು-50 ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆ. ಜೋಡಿಸುವಾಗಲೂ ಪ್ರತಿ ಭಾಗಕ್ಕೆ ಅದೇ ಎಣ್ಣೆ. ಓರೆ ತಟ್ಟೆಯ ಕೀಲು ಕೂರುವ ಅಲ್ಯೂಮಿನಿಯಂ ತೂತು ಸವೆದು ಮೊಟ್ಟೆಯಾಕಾರ ತಾಳಿದ್ದರೆ ಹೊಸ ಸೀಲು ಬೇಗನೆ ಮತ್ತೆ ಸೋರುತ್ತದೆ. ಬ್ಲಾಕೂ ಹೋಗಿ ಈ ತೂತೂ ಹೋಗಿದ್ದರೆ ಬಿಡಿಭಾಗಗಳಿಗೆ ಹಣ ಸುರಿಯದೆ ಇಡೀ ಪಂಪನ್ನೇ ತರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಜೋಡಣೆಯ ನಂತರ ಗಾಳಿ ತೆಗೆಯುವ ಕೆಲಸಕ್ಕೆ ಆತುರ ಬೇಡ. ಹಿಂದಿನ ಚಕ್ರಗಳನ್ನು ಎತ್ತಿ ಗಟ್ಟಿಯಾಗಿ ಆಧಾರ ಕೊಟ್ಟು, ಬೈಪಾಸ್ ತೆರೆದು, ಎಂಜಿನ್ನನ್ನು ಕಡಿಮೆ ವೇಗದಲ್ಲಿ ಓಡಿಸಿ ಲಿವರುಗಳನ್ನು ಮುಂದಕ್ಕೂ ಹಿಂದಕ್ಕೂ ಐದಾರು ಸಲ ನಿಧಾನವಾಗಿ ಆಡಿಸಬೇಕು. ಟ್ಯಾಂಕಿನಲ್ಲಿ ಇಳಿದ ಎಣ್ಣೆಯನ್ನು ತುಂಬಿ, ಬೈಪಾಸ್ ಮುಚ್ಚಿ ಅದನ್ನೇ ಪುನಃ ಮಾಡಬೇಕು. ಎಣ್ಣೆಯಲ್ಲಿ ನೊರೆ ಮತ್ತು ಪಂಪಿನಲ್ಲಿ ಕೂಗು ಇರುವವರೆಗೆ ಗಾಳಿ ಉಳಿದಿದೆ ಎಂದೇ ಅರ್ಥ. ಅವೆರಡೂ ನಿಂತ ಮೇಲೆ, ಲಿವರ್ ನ್ಯೂಟ್ರಲಿನಲ್ಲಿದ್ದಾಗ ಚಕ್ರ ತಾನಾಗಿ ತಿರುಗದಂತೆ ಸಲಾಕೆಯ ನಟ್ಟನ್ನು ಹೊಂದಿಸಿದೆ.

ಪರೀಕ್ಷೆಯನ್ನು ಮಳೆ ಬಿಟ್ಟು ನೆಲ ಒಣಗಿದ ಮೇಲೆ, ಒಂದು ಗಂಟೆ ಹುಲ್ಲು ಕತ್ತರಿಸಿ ಎಣ್ಣೆ ಪೂರ್ತಿ ಬಿಸಿಯಾದ ನಂತರ ಮಾಡಿದೆ. ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ ತಯಾರಕರು 15 ಡಿಗ್ರಿಗಿಂತ ಕಡಿದಾದ ಇಳಿಜಾರನ್ನು ನಿಷೇಧಿಸಿರುತ್ತಾರೆ, ಒದ್ದೆ ಹುಲ್ಲಿನಲ್ಲಿ ಅಷ್ಟೂ ಅಪಾಯವೇ. ಕೊಡಗಿನಲ್ಲಿ ಆ ಮಿತಿಯೊಳಗಿನ ಏರನ್ನು ಹುಡುಕುವುದೇ ಕಷ್ಟ. ಎಡಗಡೆ ಹೊಸ ಬ್ಲಾಕಿನ ಬಲ ಸ್ಪಷ್ಟವಾಗಿತ್ತು. ಉಜ್ಜಿದ ಬಲ ಪಂಪು ಏರಿನ ತುದಿಯಲ್ಲಿ ತುಸು ಹಿಂದುಳಿದು, ಯಂತ್ರ ಬಲಕ್ಕೆ ಎಳೆಯುತ್ತಿತ್ತು. ಎಡ ಲಿವರಿನ ಗರಿಷ್ಠ ಓಟವನ್ನು ತಡೆ ಬೋಲ್ಟಿನಿಂದ ಸ್ವಲ್ಪ ಕಡಿಮೆ ಮಾಡಿದಾಗ ಎರಡೂ ಸರಿಹೊಂದಿ ಯಂತ್ರ ನೇರಕ್ಕೆ ಬಂತು. ಆ ಎಣ್ಣೆಯನ್ನೂ ಫಿಲ್ಟರನ್ನೂ ಕೈಪಿಡಿ ಹೇಳುವ ಅವಧಿಗಿಂತ ಬಹಳ ಮುಂಚೆಯೇ ಬದಲಿಸಿದೆ, ಬಿಚ್ಚಿ ಜೋಡಿಸಿದ ಪಂಪಿನ ಮೊದಲ ಎಣ್ಣೆಯಲ್ಲಿ ಉಜ್ಜಿದ ಪುಡಿ ಎಷ್ಟು ತೊಳೆದರೂ ಸ್ವಲ್ಪ ಬಂದೇ ಬರುತ್ತದೆ. ಬಿಸಿ ಯಂತ್ರವನ್ನು ಪ್ರೆಷರ್ ನೀರಿನಿಂದ ತೊಳೆಯುವುದನ್ನೂ ನಿಲ್ಲಿಸಿದ್ದೇನೆ, ತಣಿಯುವಾಗ ಟ್ಯಾಂಕಿನ ಗಾಳಿದಾರಿ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.