ಬೆಳಕಿನ ವೇಗ ತಿದ್ದಿ ಚಿನ್ನವನ್ನು ನೋಡಿದ್ದು

ಪಿಎಚ್.ಡಿ.ಯ ಮೊದಲ ವರ್ಷ ನನ್ನ ಪಾಲಿಗೆ ಬಂದ ಕೆಲಸ ಸಣ್ಣದು. ತಾಮ್ರ, ಬೆಳ್ಳಿ, ಚಿನ್ನ ಮೂರರ ಹೈಡ್ರೈಡ್‌ಗಳಲ್ಲೂ (ಲೋಹದ ಒಂದು ಪರಮಾಣುವಿಗೆ ಒಂದು ಹೈಡ್ರೋಜನ್ ಸೇರಿದ ಅಣು) ಬಂಧದ ಉದ್ದ ಎಷ್ಟೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕಿತ್ತು. ಉತ್ತರಗಳು ಮೆಟ್ಟಿಲು ಹತ್ತಿದಂತೆ ಬಂದವು: ತಾಮ್ರದ್ದು ಚಿಕ್ಕದು, ಬೆಳ್ಳಿಯದು ಉದ್ದ, ಚಿನ್ನದ್ದು ಇನ್ನೂ ಉದ್ದ, ಸುಮಾರು 1.83 ಆಂಗ್‌ಸ್ಟ್ರಾಂ (ಪರಮಾಣುಗಳನ್ನು ಅಳೆಯುವ ಮಾನ). ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ ಎಂದು ಓದಿದ್ದ ನನಗೆ ಅನುಮಾನವೇ ಬರಲಿಲ್ಲ.

ಆಮೇಲೆ ಪ್ರಯೋಗದ ಅಂಕಿಗಳನ್ನು ಪಕ್ಕದಲ್ಲಿಟ್ಟೆ. ತಾಮ್ರ 1.46, ಬೆಳ್ಳಿ 1.62, ಚಿನ್ನ 1.52. ಚಿನ್ನದ ಬಂಧ ಬೆಳ್ಳಿಯದಕ್ಕಿಂತ ಗಿಡ್ಡ! ಟೈಪಿಂಗ್ ತಪ್ಪಿರಬೇಕೆಂದು ಇನ್‌ಪುಟ್ ಫೈಲನ್ನು ಸಾಲು ಸಾಲಾಗಿ ಓದಿದೆ. ತಪ್ಪೇನೂ ಸಿಗಲಿಲ್ಲ.

ಗೈಡ್ ನೋಡಿದವರೇ ಕೇಳಿದರು: "ಇದರಲ್ಲಿ ಐನ್‌ಸ್ಟೈನ್ ಎಲ್ಲಿದ್ದಾರಮ್ಮ?" ನನ್ನ ಲೆಕ್ಕದಲ್ಲಿ ಅವರ ಸಾಪೇಕ್ಷತೆಯೇ ಇರಲಿಲ್ಲ.

ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿವೆ. ಆ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನ್ ಬೆಳಕಿನ ವೇಗದ ಶೇ. 58ರಷ್ಟು ವೇಗದಲ್ಲಿರುತ್ತದೆ. ಅದರ ದ್ರವ್ಯರಾಶಿ ಸುಮಾರು ಐದನೇ ಒಂದು ಭಾಗ ಹೆಚ್ಚಿದಂತಾಗಿ ಕಕ್ಷಕ, ಅಂದರೆ ಅದು ಸುಳಿದಾಡುವ ಜಾಗ, ಕುಗ್ಗುತ್ತದೆ. ಅಂಚಿನಲ್ಲಿರುವ, 6ಎಸ್ ಎಂಬ ಕಕ್ಷಕದ ಎಲೆಕ್ಟ್ರಾನಿಗೂ ನ್ಯೂಕ್ಲಿಯಸ್ಸಿನ ಹತ್ತಿರ ಸುಳಿಯುವ ಗುಣವಿದೆ. ಹಾಗಾಗಿ ಅದೂ ಒಳಕ್ಕೆ ಸರಿಯುತ್ತದೆ. ಒಳಗಿನವು ಹೀಗೆ ಕುಗ್ಗಿ ನ್ಯೂಕ್ಲಿಯಸ್ಸನ್ನು ಇನ್ನಷ್ಟು ಮರೆಮಾಡುವುದರಿಂದ 5ಡಿ ಎಂಬ ಇನ್ನೊಂದು ಕಕ್ಷಕ ಸಡಿಲಗೊಂಡು ಅದರ ಶಕ್ತಿ ಮೇಲೇರುತ್ತದೆ. ಎರಡರ ಶಕ್ತಿಯ ಅಂತರ ಕಿರಿದಾಗಿ ಚಿನ್ನ ನೀಲಿ ಬೆಳಕನ್ನು ಹೀರುತ್ತದೆ, ಹಳದಿಯಾಗಿ ಕಾಣುತ್ತದೆ. ಬೆಳ್ಳಿ ಹೀರುವುದು ಅತಿನೇರಳೆಯನ್ನು, ಅದಕ್ಕೇ ಅದು ಬಿಳಿ.

ಇದನ್ನೆಲ್ಲ ಓದಿ ತಿಳಿದುಕೊಂಡೆ. ಆದರೆ ನಂಬಿಕೆ ಬಂದದ್ದು ಕೈಯಾರೆ ಮಾಡಿ ನೋಡಿದಾಗ. ಎಲೆಕ್ಟ್ರಾನಿಗೆ ಸಾಪೇಕ್ಷತೆಯನ್ನು ಸೇರಿಸಿ ಭೌತವಿಜ್ಞಾನಿ ಡಿರಾಕ್ ಬರೆದ ಸಮೀಕರಣವನ್ನು ಅದರ ನಾಲ್ಕು ಘಟಕಗಳೊಂದಿಗೆ ಪೂರ್ತಿಯಾಗಿ ಬಿಡಿಸುವ ಪ್ರೋಗ್ರಾಮಿನಲ್ಲಿ ಬೆಳಕಿನ ವೇಗ ಬರೀ ಒಂದು ಸಂಖ್ಯೆ: ಪರಮಾಣು ಮಾನಗಳಲ್ಲಿ 137.036. ಅದನ್ನು ಹತ್ತು ಪಟ್ಟು ಮಾಡಿ ಓಡಿಸಿದೆ. ಪರಿಣಾಮ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನೂರರಲ್ಲೊಂದು ಪಾಲಷ್ಟೇ ಉಳಿಯಿತು. ಬಂಧ ಮತ್ತೆ 1.83ರ ಸುಮಾರಿಗೆ ಬಂದು ನಿಂತಿತು. ನಿಜವಾದ ವೇಗ ಕೊಟ್ಟೆ: 1.57. ಫೈಲಿನಲ್ಲಿ ಬೇರೆ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಆ ಎರಡು ಔಟ್‌ಪುಟ್‌ಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. (1.57ರಿಂದ 1.52ಕ್ಕೆ ಉಳಿದ ಅಂತರ ಬಹುಮಟ್ಟಿಗೆ ಎಲೆಕ್ಟ್ರಾನುಗಳು ಪರಸ್ಪರ ತಪ್ಪಿಸಿಕೊಂಡು ಓಡಾಡುವುದರ ಲೆಕ್ಕ, ನಾನು ಬಳಸಿದ ಹಾರ್ಟ್ರಿ-ಫಾಕ್ ವಿಧಾನ ಅದನ್ನು ಹಿಡಿಯುವುದಿಲ್ಲ.)

ಡಿರಾಕ್ ಅವರೇ 1929ರಲ್ಲಿ, ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಗೆ ಸಾಪೇಕ್ಷತೆ ಮುಖ್ಯವಲ್ಲ ಎಂದು ಬರೆದಿದ್ದರು. ಆದರೆ ಸೀಸ-ಆಮ್ಲ ಬ್ಯಾಟರಿಯ ಒಂದು ಕೋಶ ಕೊಡುವ ಸುಮಾರು 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟ್ ಸಾಪೇಕ್ಷತೆಯಿಂದಲೇ ಬರುತ್ತದೆ ಎಂದು 2011ರ ಲೆಕ್ಕಾಚಾರ ತೋರಿಸಿತು.

ದೊಡ್ಡ ಅಣುಗಳಿಗೆ ನಾಲ್ಕು ಘಟಕಗಳ ಲೆಕ್ಕ ದುಬಾರಿ. ಅಲ್ಲಿಗೆ ಬಂದಾಗ ನಾನು ಎಡವಿದೆ. ಚಿನ್ನದ ಒಳಗಿನ 60 ಎಲೆಕ್ಟ್ರಾನುಗಳ ಬದಲಿಗೆ ಅವುಗಳ ಒಟ್ಟು ಪ್ರಭಾವವನ್ನು ಅನುಕರಿಸುವ ಸೂತ್ರವಾದ ಸೂಡೊಪೊಟೆನ್ಶಿಯಲ್ ಹಾಕಿದೆ, ಅದರ ಮೇಲೆ ಸಾಪೇಕ್ಷತೆಯನ್ನು ಅಗ್ಗವಾಗಿ ಸೇರಿಸುವ ಡಗ್ಲಾಸ್-ಕ್ರೋಲ್ ತಿದ್ದುಪಡಿಯನ್ನೂ ಚಾಲೂ ಮಾಡಿದೆ. ಸೂಡೊಪೊಟೆನ್ಶಿಯಲ್ಲಿನೊಳಗೆ ಸಾಪೇಕ್ಷತೆ ಆಗಲೇ ಅಡಗಿರುತ್ತದೆ. "ಒಂದೇ ಖರ್ಚನ್ನ ಎರಡು ಸಲ ಬರ್ಕೊಂಡಿದ್ದೀಯಲ್ಲ" ಎಂದರು ಗೈಡ್. ಇದು ಅಪಾಯದ ತಪ್ಪು, ಏಕೆಂದರೆ ಬಂದ ಅಂಕಿ ನೋಡಲು ಚೆನ್ನಾಗಿಯೇ ಇತ್ತು. ಹೊಸಬರಿಗೆ ನಾನು ಮೊದಲು ಹೇಳುವುದೇ ಇದು: ಎರಡರಲ್ಲಿ ಒಂದನ್ನೇ ಆರಿಸಿ, ಡಗ್ಲಾಸ್-ಕ್ರೋಲ್ ಆದರೆ ಅದಕ್ಕೆಂದೇ ಕಟ್ಟಿದ ಬೇಸಿಸ್ ಸೆಟ್ (ಕಕ್ಷಕಗಳನ್ನು ಕಟ್ಟಲು ಬಳಸುವ ಗಣಿತದ ಫಲನಗಳ ಗುಂಪು) ಬಳಸಿ.

ಈಗ ಥ್ಯಾಲಿಯಂ ಮೇಲೆ ಕೆಲಸ. ಚಿನ್ನದ ಬಂಧದ ಉದ್ದಕ್ಕೆ ಸಾಲುತ್ತಿದ್ದ ಸ್ಕೇಲಾರ್ ತಿದ್ದುಪಡಿ, ಅಂದರೆ ಎಲೆಕ್ಟ್ರಾನಿನ ಸ್ಪಿನ್ ಬಿಟ್ಟು ಮಾಡುವ ತಿದ್ದುಪಡಿ, ಇಲ್ಲಿ ಸಾಲದು. ಸ್ಪಿನ್-ಆರ್ಬಿಟ್ ಜೋಡಣೆ (ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷಕದ ಚಲನೆಗೂ ಇರುವ ನಂಟು) ಪರಮಾಣುವಿನ ಹೊರಗಿನ ಪಿ ಎಂಬ ಶಕ್ತಿಮಟ್ಟವನ್ನೇ ಸುಮಾರು 0.97 ಎಲೆಕ್ಟ್ರಾನ್ ವೋಲ್ಟ್ ಅಂತರಕ್ಕೆ ಸೀಳಿಬಿಡುತ್ತದೆ. ಹಾಗಾಗಿ ಮತ್ತೆ ನಾಲ್ಕು ಘಟಕಗಳ ಪ್ರೋಗ್ರಾಮನ್ನೇ ತೆರೆದಿದ್ದೇನೆ, 137.036 ಇರುವ ಅದೇ ಸಾಲಿನಿಂದ.